ಅಜ್ಜಿಯ ವರ್ಷಾಂತಕ್ಕೊಂದು ನೆನಪಿನ ಪುಸ್ತಕ: ಮಾಡಿ ನೋಡಿದವರ ಮಾತು

ಕೇಳಿದವರು, ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ:

ಕಳೆದ ಮಳೆಗಾಲದಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಮನೆಯವರ ಲೆಕ್ಕದಲ್ಲಿ 96 ವರ್ಷ. ಏಳು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿದರೆ ನಲವತ್ತಕ್ಕೂ ಮಿಕ್ಕಿ. ತೀರಿಕೊಂಡು ವರ್ಷ ತುಂಬುವ ವರ್ಷಾಂತದ ದಿನ ಬಂದವರ ಕೈಗೆ ಕೊಡಲು ಐವತ್ತು ಪುಟದ ಪುಸ್ತಕವೊಂದನ್ನು ಮಾಡಲು ಹೊರಟಿದ್ದೇನೆ. ಹದಿನೆಂಟು ಮಂದಿ ಬರೆದುಕೊಟ್ಟಿದ್ದಾರೆ. ಎಲ್ಲರದ್ದೂ ಒಂದೇ ಮಾತು: ಅನ್ನಪೂರ್ಣೆ, ಸಹನಾಮೂರ್ತಿ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಹೆಸರು ಅಳಿಸಿದರೆ ಅದು ಯಾರ ಅಜ್ಜಿಯೂ ಆಗಬಹುದು. ಇನ್ನು ಮೂರು ತಿಂಗಳಿದೆ. ಅನುಭವವಿದ್ದವರು ದಾರಿ ಹೇಳಿ.

ಪೆರ್ಲದಿಂದ ಒಬ್ಬರು:

ನೀವು ಬರೆಯಲು ಹೇಳಿದ್ದೇ ತಪ್ಪಾಯಿತು. ಪೆನ್ನು ಹಿಡಿದ ಕೂಡಲೇ ನಮ್ಮವರೆಲ್ಲ ಉತ್ತರಕ್ರಿಯೆಯ ನುಡಿನಮನದ ಭಾಷೆಗೆ ಇಳಿಯುತ್ತಾರೆ. ನನ್ನ ಅತ್ತೆಯವರು ಹೋದಾಗ ನನಗೂ ಹೀಗೇ ಆಗಿತ್ತು. ಮೊಬೈಲನ್ನು ಮುಂದಿಟ್ಟು "ಅವರ ಬಗ್ಗೆ ನಾಲ್ಕು ಮಾತು ಹೇಳಿ" ಎಂದರೆ ದೊಡ್ಡ ಭಾವನವರು ಗಂಟಲು ಸರಿಮಾಡಿಕೊಂಡು ಭಾಷಣ ಮಾಡಿದರು. ನಾಲ್ಕೂ ಮಾತು ನಾಲ್ಕೇ ಮಾತಾಗಿ ಉಳಿದವು.

ಆಮೇಲೆ ಒಂದು ದಿನ ಅಟ್ಟ ಗುಡಿಸುವಾಗ ಅತ್ತೆ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದ ಉಪ್ಪುಸೊಳೆಯ ಭರಣಿ ಸಿಕ್ಕಿತು. ಕೆಳಗೆ ತಂದು ಜಗಲಿಯಲ್ಲಿಟ್ಟೆ, ಅಷ್ಟೇ. ಭಾಷಣ ಮಾಡಿದ ಅದೇ ಭಾವನವರು ಅದನ್ನು ನೋಡಿ, "ಇದರ ಬಾಯಿಗೆ ಅಮ್ಮ ಕಟ್ಟುತ್ತಿದ್ದ ಬಟ್ಟೆಯ ಗಂಟು ಬಿಚ್ಚಲು ಬೇರೆಯವರಿಗೆ ಆಗುತ್ತಿರಲಿಲ್ಲ. ನಾನು ಬಿಚ್ಚಿ ಕದ್ದು, ಪುನಃ ಕಟ್ಟಲು ಹೋಗಿ ಸಿಕ್ಕಿಬಿದ್ದೆ" ಎಂದರು. ಅಲ್ಲಿಂದ ಜೋರು ಮಳೆಯ ಆಟಿ ತಿಂಗಳ ಕಷ್ಟ ಹೊರಬಂತು. ಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಇದ್ದದ್ದು, ಹಲಸಿನ ಬೇಳೆ ಬೇಯಿಸಿ ರಾತ್ರಿಯ ಊಟ ಮುಗಿಸಿದ್ದು, ಅತ್ತೆ ಕೊನೆಗೆ ಉಣ್ಣಲು ಕೂತು ಅನ್ನ ಬಸಿದ ತೆಳಿ ಕುಡಿದು ಏಳುತ್ತಿದ್ದದ್ದು. ಸಹನಾಮೂರ್ತಿ ಎಂಬ ಪದ ಒಮ್ಮೆಯೂ ಬರಲಿಲ್ಲ.

ಮತ್ತೆ ನಾನು ಹಟ ಹಿಡಿದೆ. ಕಾಲಲ್ಲಿ ಮೆಟ್ಟಿ ಹಿಡಿದು ಕೊಯ್ಯುವ ಮೆಟ್ಟುಕತ್ತಿ, ಕಡೆಯುವ ಕಲ್ಲು, ಎಲೆ ಅಡಿಕೆಯ ತಟ್ಟೆ, ಹಪ್ಪಳ ಒಣಗಿಸುವ ಓಲೆಯ ಚಾಪೆ, ಒಂದೊಂದನ್ನೇ ಒಬ್ಬೊಬ್ಬರ ಮುಂದಿಟ್ಟು ಸುಮ್ಮನೆ ಕೂತೆ. ಸುಮ್ಮನೆ ಕೂರುವುದೇ ಕಷ್ಟ, ನಾನು ಮೇಷ್ಟ್ರಗಿರಿ ಮಾಡಿ ನಿವೃತ್ತಳಾದವಳು. ಮೆಟ್ಟುಕತ್ತಿಯ ಮುಂದೆ ಚಿಕ್ಕ ನಾದಿನಿ ಅತ್ತುಬಿಟ್ಟಳು. ಕಾರಣವನ್ನು ಅವಳು ಹೇಳಲಿಲ್ಲ, ನಾನೂ ಬರೆಯಲಿಲ್ಲ. ಮಾವನವರಿಗೆ 88 ವರ್ಷ, ಏನು ಕೇಳಿದರೂ "ನೆನಪಿಲ್ಲ" ಎನ್ನುತ್ತಿದ್ದರು. ಅವರನ್ನು ಕೈಹಿಡಿದು ನೀರಿಗಾಗಿ ಗುಡ್ಡದ ಬುಡದಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ಬಾಯಿಗೆ ಕರೆದುಕೊಂಡು ಹೋದೆವು. ನಮ್ಮ ಕಡೆ ಬಾವಿಗಿಂತ ಸುರಂಗದ ನೀರೇ ಆಧಾರ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷ, ಇಪ್ಪತ್ತು ಕೋಲು ಉದ್ದದ ಆ ಸುರಂಗ ತೋಡುವಾಗ ಮುರಕಲ್ಲಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದವರು ಅತ್ತೆ. ಒಳಗೆ ಗಾಳಿ ಇದೆಯೇ ಎಂದು ತಿಳಿಯಲು ದೀಪ ಒಯ್ಯುತ್ತಿದ್ದರಂತೆ. ಒಂದು ದಿನ ದೀಪ ಆರಿತು, ಒಳಗಿದ್ದ ಮಾವ ಹೊರಗೆ ಬರಲು ತಡಮಾಡಿದರು, ಅತ್ತೆ ಹೊರಗಿನಿಂದ ಬೈದ ಬೈಗುಳವನ್ನು ಮಾವ ಅಕ್ಷರ ಬಿಡದೆ ಹೇಳಿದರು. ಅದನ್ನೂ ಅಚ್ಚು ಹಾಕಿದ್ದೇವೆ, ಒಂದು ಪದ ಬಿಟ್ಟು.

ಕುಂಬಳೆಯಿಂದ ಒಬ್ಬರು:

ವಯಸ್ಸಿನ ವಿಚಾರ ನನಗೆ ಬಿಡಿ, ನಾನು ಪೆಟ್ಟು ತಿಂದವನು. ನಮ್ಮ ಅಜ್ಜಿಯ ಪುಸ್ತಕದಲ್ಲಿ ರೇಷನ್ ಕಾರ್ಡು ನೋಡಿ ಹುಟ್ಟಿದ ಇಸವಿ 1922 ಎಂದು ಹಾಕಿಸಿದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಅಜ್ಜಿ ತಮ್ಮ ಅಣ್ಣನಿಗಿಂತ ಮೂರು ವರ್ಷ ದೊಡ್ಡವರಾಗಿದ್ದರು! ನೂರು ಪ್ರತಿಗಳಲ್ಲಿ ಚೀಟಿ ಅಂಟಿಸಿದೆವು.

ಸರಿಯಾದ ದಾರಿ ಜಾತಕ. ನಮ್ಮಲ್ಲಿದ್ದದ್ದನ್ನು ಗೆದ್ದಲು ತಿಂದಿತ್ತು. "ಶುಕ್ಲ ಸಂವತ್ಸರ" ಎಂಬಷ್ಟು ಉಳಿದಿತ್ತು, ಸೋಣ ತಿಂಗಳು ಎಂದು ಅಜ್ಜಿಯೇ ಹೇಳುತ್ತಿದ್ದರು. ಅಷ್ಟು ಸಾಕು. ಶುಕ್ಲ ಅಂದರೆ 1929-30, ಸೋಣವೆಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಒಂದು ಸುತ್ತಿನ ಗೊಂದಲವಾಗುವುದಿಲ್ಲವೇ ಎಂದು ಕೇಳಬೇಡಿ. ಮುಂದಿನ ಶುಕ್ಲ 1989ರಲ್ಲಿ ಬಂತು, ಆಗ ಅಜ್ಜಿ ಮೊಮ್ಮಗಳ ಮದುವೆಯಲ್ಲಿ ಹೋಳಿಗೆ ತಟ್ಟುತ್ತಿದ್ದರು. ಸಂವತ್ಸರದ ಹೆಸರೂ ಸಿಗದಿದ್ದರೆ ಇನ್ನೊಬ್ಬರನ್ನು ಹಿಡಿದು ಎಣಿಸಿ: "ತಂಗಿ ಹುಟ್ಟುವಾಗ ನಿನಗೆ ಎಷ್ಟು ಹಲ್ಲು ಬಿದ್ದಿತ್ತು" ಎಂಬಂಥ ಲೆಕ್ಕ.

ಇನ್ನೊಂದು, ವಿಳಾಸ. ಅಜ್ಜಿ ಹುಟ್ಟಿದ್ದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕೇರಳದವರಾದರು, ಮರುವರ್ಷ ಕಣ್ಣೂರು ಜಿಲ್ಲೆಯವರು, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆಯವರು. ಇಷ್ಟರಲ್ಲಿ ಅವರು ಚಂದ್ರಗಿರಿ ಹೊಳೆ ದಾಟಿದ್ದು ಎರಡೋ ಮೂರೋ ಸಲ. ದಾಖಲೆಗಳೆಲ್ಲ ಮಲಯಾಳದಲ್ಲಿ, ಅದರಿಂದ ಕನ್ನಡಕ್ಕೆ ಬರೆದುಕೊಳ್ಳುವಾಗ ಊರಿನ ಹೆಸರಿನ ಬಾಲ ಬದಲಾಗುತ್ತದೆ, ಮನೆತನದ ಹೆಸರಂತೂ ಗುರುತೇ ಸಿಗದು. ಅಜ್ಜಿ ಹೇಗೆ ಹೇಳುತ್ತಿದ್ದರೋ ಹಾಗೆಯೇ ಬರೆಯಿರಿ. ನಮ್ಮ ಅಜ್ಜಿ ಕೊನೆಯವರೆಗೂ ಹೊಸದುರ್ಗ ಎಂದೇ ಹೇಳಿದರು. ರೈಲು ನಿಲ್ದಾಣದ ಫಲಕದಲ್ಲಿ ಕಾಞಂಗಾಡ್ ಎಂದಿರುವುದು ಅವರ ತಲೆನೋವಾಗಿರಲಿಲ್ಲ.

ಮುಳ್ಳೇರಿಯಾದಿಂದ ಒಬ್ಬರು:

ಚಿಕ್ಕದೊಂದು ಮಾತು. ನನ್ನ ಅಕ್ಕನ ಮಕ್ಕಳು ಓದಿದ್ದು ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ಅವರು ಮಲಯಾಳದಲ್ಲಿ ಹೇಳಿದ ನೆನಪನ್ನು ನಾನು ಶುದ್ಧ ಕನ್ನಡಕ್ಕೆ ತಿರುಗಿಸಿದೆ, ಸಪ್ಪೆಯಾಯಿತು. ಕೊನೆಗೆ ಅವರ ಮಾತನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಇಟ್ಟೆ. ಅವರಿಗಾಗಿ ಪುಸ್ತಕವನ್ನು ಮೊಬೈಲಿನಲ್ಲಿ ಓದಿ ಧ್ವನಿ ಮಾಡಿ ಕಳಿಸಿದೆ. ಪುಸ್ತಕಕ್ಕಿಂತ ಅದನ್ನೇ ಹೆಚ್ಚು ಮಂದಿ ಕೇಳಿದರು ಎಂಬುದು ಸ್ವಲ್ಪ ಬೇಸರ.

ಮಂಜೇಶ್ವರದಿಂದ ಒಬ್ಬರು:

ಪೆರ್ಲದ ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರು ಮನೆಯವರನ್ನು ಮಾತ್ರ ಕೇಳಿದ್ದಾರೆ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಸಾಗುವ ಮನೆ. ಅಜ್ಜಿಯೇ ಯಜಮಾನ್ತಿ, ತರವಾಡಿನ, ಅಂದರೆ ಮೂಲಮನೆಯ, ದೈವದ ಕೋಲಕ್ಕೆ ದಿನ ಗೊತ್ತುಮಾಡುವುದರಿಂದ ಹಿಡಿದು ಗದ್ದೆಯ ಬೀಜದವರೆಗೆ ಅವರದ್ದೇ ಮಾತು. 1975ರಲ್ಲಿ ಕೇರಳವು ಕೂಡುಕುಟುಂಬ ಪದ್ಧತಿಯನ್ನು ತೆಗೆದುಹಾಕುವ ಕಾಯಿದೆ ಮಾಡಿತು. ಬಳಿಕ ನಮ್ಮಲ್ಲಿಯೂ ಪಾಲಾಯಿತು, ಅಜ್ಜಿ ಮಾತ್ರ ಕೀಲಿಕೈಯ ಗೊಂಚಲನ್ನು ಸೊಂಟದಿಂದ ಬಿಚ್ಚಲಿಲ್ಲ. ಪೆಟ್ಟಿಗೆಗಳು ಹೋದ ಮೇಲೂ ಕೀಲಿಕೈ ಇತ್ತು.

ಅವರನ್ನು ಸರಿಯಾಗಿ ನೋಡಿದವರು ಮಕ್ಕಳಲ್ಲ, ನಲವತ್ತು ವರ್ಷ ನಾಟಿಗೆ, ಅಡಿಕೆ ಹೆಕ್ಕಲು ಬಂದ ಹೆಂಗಸು. ಅವರ ಮನೆಗೆ ಹೋಗಿ ಕೂತೆ. "ನನ್ನ ಮಗಳ ಬಾಣಂತನಕ್ಕೆ ಎಣ್ಣೆ, ಬೆಲ್ಲ ಹೊತ್ತುಕೊಂಡು ತಾನೇ ನಡೆದು ಬಂದಿದ್ದರು. ಆದರೆ ಕೂಲಿಯ ಭತ್ತ ಅಳೆಯುವಾಗ ಸೇರಿನ ಬಾಯಿಗೆ ಕೈ ಅಡ್ಡ ಇಡುತ್ತಿದ್ದರು" ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ. ಮೊದಲಿನದ್ದು ಇರಲಿ, ಎರಡನೆಯದ್ದು ಬೇಡ ಎಂದು ಮಾವಂದಿರು ತಕರಾರು ಮಾಡಿದರು. ಒಂದನ್ನು ತೆಗೆದರೆ ಇನ್ನೊಂದನ್ನೂ ತೆಗೆಯುತ್ತೇನೆ ಎಂದೆ. ಎರಡೂ ಉಳಿದವು. ದೊಡ್ಡ ಮಾವ ಎರಡು ತಿಂಗಳು ನನ್ನೊಡನೆ ಮಾತನಾಡಲಿಲ್ಲ, ಅದಕ್ಕೂ ಸಿದ್ಧರಾಗಿರಿ.

ಕೇಳಿದವರು ಪುನಃ:

ಹದಿನೆಂಟು ಬರಹಗಳನ್ನೂ ಬದಿಗಿಟ್ಟೆ. ಅಜ್ಜಿಯ ತಂಗಿ ನೀರ್ಚಾಲಿನಲ್ಲಿದ್ದಾರೆ, 91 ವರ್ಷ, ಕಿವಿ ಮಂದ, ಕಣ್ಣು ಚೆನ್ನಾಗಿದೆ. ಅವರಿಬ್ಬರೂ ಜೊತೆಗೆ ಕೂತು ಅಡಿಕೆ ಸುಲಿಯುತ್ತಿದ್ದ ಮೆಟ್ಟುಕತ್ತಿ ನಮ್ಮಲ್ಲಿದೆ. ಅದನ್ನು ಹಿಡಿದುಕೊಂಡು ನಾಳೆ ಬೆಳಗ್ಗೆ ಹೋಗುತ್ತೇನೆ. ಗೋಣಿಯಲ್ಲಿ ಸುತ್ತಿದರೆ ಬಸ್ಸಿನಲ್ಲಿ ಬಿಡುತ್ತಾರೆಯೇ? ಒಯ್ದು ಗೊತ್ತಿದ್ದವರು ರಾತ್ರಿಯೊಳಗೆ ಹೇಳಿ.