ಪದಚರ್ಚೆ: ಇಟಲಿಯ ಮೀನೂಟದ ಮನೆಗಳ ‘ಕೊಪೆರ್ತೊ’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ವಿನಂತಿ. ಇಟಲಿಯಲ್ಲಿ ತಲೆಮಾರುಗಳಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ ಮೀನೂಟದ ಹೋಟೆಲುಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಬರ್ಗಮೊದಲ್ಲಿ 1966ರಲ್ಲಿ ಚೆರೇಯ ಕುಟುಂಬ ಶುರುಮಾಡಿದ ‘ದಾ ವಿತ್ತೋರಿಯೊ’, ವೆನಿಸ್ ಬಳಿಯ ಬುರಾನೊ ದ್ವೀಪದ ‘ದಾ ರೊಮಾನೊ’ ಇಂಥವು. ನಾಲ್ಕು ಮಾತುಗಳು ಬಗೆಹರಿಯುತ್ತಿಲ್ಲ: ಹೆಸರಿನ ಮುಂದಿನ ‘ದಾ’, ಮೀನಿನ ಬೆಲೆಯ ಪಕ್ಕದ ‘ಎತ್ತೊ’, ವೊಂಗೊಲೆ ಎಂಬ ಎರಡು ಚಿಪ್ಪಿನ ಸಣ್ಣ ಕಡಲಜೀವಿ ಹಾಕಿ ಮಾಡುವ ಸ್ಪಗೆಟಿಯ ವಿವರದಲ್ಲಿ ಬರುವ ‘ಮಂತೆಕಾರೆ’, ಮತ್ತು ‘ಕೊಪೆರ್ತೊ’. ಕೊನೆಯದು ಒಂದು ಕಡೆ ‘40 ಕೊಪೆರ್ತಿಯ ಹೋಟೆಲು’ ಎಂದಿದೆ, ಇನ್ನೊಂದು ಕಡೆ ‘ಕೊಪೆರ್ತೊ 2 ಯೂರೊ’ ಎಂದಿದೆ. ನಿಘಂಟಿನಲ್ಲಿ ‘ಮುಚ್ಚಿದ್ದು, ಹೊದಿಸಿದ್ದು’ ಎಂಬ ಅರ್ಥವಿದೆ. ‘ಹೊದಿಕೆ ಶುಲ್ಕ’ ಎಂದು ಬರೆಯಲು ಕೈ ಬರುತ್ತಿಲ್ಲ. ದಯವಿಟ್ಟು ತಿಳಿಸಿ.

*

ನಮಸ್ಕಾರ. ‘ಹೊದಿಕೆ ಶುಲ್ಕ’ ಬೇಡವೇ ಬೇಡ. ಛತ್ರದಲ್ಲಿ ಕಂಬಳಿ ಬಾಡಿಗೆಗೆ ಕೊಟ್ಟ ಹಾಗಾಗುತ್ತದೆ.

ಮೊದಲು ಸುಲಭದ್ದು. ‘ದಾ’ ಮನುಷ್ಯರ ಹೆಸರಿನ ಮುಂದೆ ಬಂದಾಗ ‘ಅವರಲ್ಲಿ, ಅವರ ಮನೆಯಲ್ಲಿ’ ಎಂದರ್ಥ. ನಾವು ‘ಶೆಟ್ಟರಲ್ಲಿ ಊಟ ಮಾಡಿಕೊಂಡು ಬಂದೆ’ ಅನ್ನುವುದಿಲ್ಲವೇ, ಹಾಗೆ. ‘ದಾ’ಗೆ ‘ಇಂದ’ ಎಂಬ ಅರ್ಥವೂ ಇರುವುದರಿಂದ ‘ವಿತ್ತೋರಿಯೊ ಅವರಿಂದ’ ಎಂದು ಬರೆದುಬಿಡುವ ಅಪಾಯವಿದೆ. ಹೆಸರನ್ನು ಹಾಗೇ ಉಳಿಸಿ, ಮೊದಲ ಸಲ ಬಂದಾಗ ‘ಅಂದರೆ ವಿತ್ತೋರಿಯೊ ಅವರಲ್ಲಿ’ ಎಂದು ಸೇರಿಸಿದರೆ ಸಾಕು.

‘ಎತ್ತೊ’ ಅಂದರೆ ನೂರು ಗ್ರಾಂ. ಇದನ್ನು ಪ್ಲೇಟು ಅಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಇಡೀ ಮೀನನ್ನು ಬೇಯಿಸುವ ಮೊದಲು ತಟ್ಟೆಯಲ್ಲಿ ತಂದು ತೋರಿಸಿ, ತಲೆ ಮುಳ್ಳು ಸಮೇತ ತೂಗುತ್ತಾರೆ. ಎತ್ತೊಗೆ 6 ಯೂರೊ ಎಂದಿದ್ದು ಮೀನು 600 ಗ್ರಾಂ ತೂಗಿದರೆ 36 ಯೂರೊ ಆಯಿತು. ಆದ್ದರಿಂದ ‘ನೂರು ಗ್ರಾಮಿಗೆ, ಹಸಿ ಮೀನಿನ ತೂಕದಲ್ಲಿ’ ಎಂದು ಬಿಡಿಸಿಯೇ ಬರೆಯಿರಿ.

ಇನ್ನು ಕೊಪೆರ್ತೊ. ಅದರ ಎರಡು ಅರ್ಥಗಳ ಬೇರು ಒಂದೇ. ಒಬ್ಬರಿಗಾಗಿ ಮೇಜಿನ ಮೇಲೆ ಹಾಕಿಟ್ಟ ಬಟ್ಟೆ, ತಟ್ಟೆ, ಲೋಟ, ಚಮಚ ಎಲ್ಲ ಸೇರಿ ಒಂದು ಕೊಪೆರ್ತೊ. ನಮ್ಮಲ್ಲಿ ಅದಕ್ಕೆ ಹೊಸ ಪದ ಹುಡುಕಬೇಕಿಲ್ಲ, ‘ಎಲೆ’ ಇದೆ. ‘ಮೊದಲ ಪಂಕ್ತಿಗೆ ಇನ್ನೂರು ಎಲೆ’ ಅಂದಾಗ ನಾವು ಬಾಳೆಗಿಡದ ಲೆಕ್ಕ ಹೇಳುತ್ತಿಲ್ಲ, ಕೂರುವವರ ಲೆಕ್ಕ ಹೇಳುತ್ತಿದ್ದೇವೆ. ‘40 ಕೊಪೆರ್ತಿ’ ಅಂದರೆ ‘ನಲವತ್ತು ಎಲೆಯ ಹೋಟೆಲು’. ‘ನಲವತ್ತು ಆಸನ’ ಎಂದರೆ ಬಸ್ಸು ನೆನಪಾಗುತ್ತದೆ.

ಹಣದ ಅರ್ಥದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ನಮ್ಮ ಅಡುಗೆಯವರು ‘ಎಲೆಗೆ ಇಷ್ಟು’ ಎಂದು ದರ ಹೇಳಿದರೆ ಅದರಲ್ಲಿ ಊಟವೇ ಸೇರಿರುತ್ತದೆ. ಕೊಪೆರ್ತೊದಲ್ಲಿ ಊಟ ಸೇರಿಲ್ಲ. ಮೇಜು ಸಿದ್ಧಪಡಿಸಿದ್ದಕ್ಕೆ ಮತ್ತು ಬ್ರೆಡ್ಡಿಗೆ ತಲೆಗಿಷ್ಟು ಎಂದು ಹಾಕುವ ಚಿಕ್ಕ ಮೊತ್ತ ಅದು. ಬೆಲೆಪಟ್ಟಿಯಲ್ಲಿ ಮೊದಲೇ ನಮೂದಿಸಿರಬೇಕು. ಬಡಿಸಿದವರಿಗೆ ಕೊಡುವ ಭಕ್ಷೀಸೂ ಅಲ್ಲ, ಬಿಲ್ಲಿನ ಮೇಲೆ ಶೇಕಡಾವಾರು ಸೇರುವ ‘ಸೆರ್ವಿತ್ಸಿಯೊ’ ಕೂಡ ಅಲ್ಲ. ನನ್ನ ಸಲಹೆ ‘ಎಲೆಗಾಸು’. ಪುಡಿಗಾಸು, ಬಿಡಿಗಾಸಿನ ಜಾಡಿನಲ್ಲೇ ಇದೆ, ಮೊತ್ತ ಸಣ್ಣದೆಂಬ ಸೂಚನೆಯೂ ಸಿಗುತ್ತದೆ. ರೋಮ್ ಇರುವ ಲಾಟ್ಸಿಯೊ ಪ್ರಾಂತ್ಯ 2006ರ ಕಾನೂನಿನಲ್ಲಿ ಇದರ ವಸೂಲಿಯನ್ನು ನಿಷೇಧಿಸಿದ್ದರಿಂದ ಅಲ್ಲಿನ ಬಿಲ್ಲುಗಳಲ್ಲಿ ‘ಪಾನೆ’, ಅಂದರೆ ಬ್ರೆಡ್ಡು, ಎಂದು ಕಾಣುತ್ತದೆ. ಅದನ್ನು ಎಲೆಗಾಸು ಎಂದು ತಿದ್ದಬೇಡಿ.

*

ಇಬ್ಬರಿಗೂ ವಂದನೆ. ‘ಎಲೆಗಾಸು’ ಒಪ್ಪಿದೆ. ಯಾರಾದರೂ ‘ಎಲೆ ದಕ್ಷಿಣೆ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಭೋಜನ ದಕ್ಷಿಣೆಯನ್ನು ಮನೆಯವರು ಉಂಡವರಿಗೆ ಕೊಡುವುದು. ಇಲ್ಲಿ ಕಾಸಿನ ದಿಕ್ಕೇ ತಿರುಗುಮುರುಗು.

ಬಿಟ್ಟುಹೋದ ವೊಂಗೊಲೆ, ಮಂತೆಕಾರೆ ಬಗ್ಗೆ. ವೊಂಗೊಲೆಗೆ ‘ಚಿಪ್ಪುಮೀನು’ ಸಾಲದು, ಆ ಪದ ಏಡಿ ಸಿಗಡಿಗಳವರೆಗೂ ಹರಡಿಕೊಳ್ಳುತ್ತದೆ. ಮಂಗಳೂರು ಕಡೆಯ ಮರುವಾಯಿ, ಉತ್ತರ ಕನ್ನಡದ ಬಳಚು ಇದರ ಹತ್ತಿರದ ನಂಟರು. ‘ಪಚ್ಚಿಲೆ’ ಎಂದು ಬರೆಯಬೇಡಿ, ಅದು ಬಂಡೆಗೆ ಅಂಟಿ ಬೆಳೆಯುವ ಬೇರೆ ಚಿಪ್ಪಿನ ಜೀವಿ, ಇಟಲಿಯ ‘ಕೊತ್ಸೆ’ಗೆ ಸರಿ. ಇಂದು ವೆನಿಸ್ ಹಿನ್ನೀರಿನಲ್ಲಿ ಹಿಡಿಯುವ ವೊಂಗೊಲೆಯಲ್ಲಿ ಬಹುಪಾಲು 1983ರಲ್ಲಿ ಅಲ್ಲಿಗೆ ತಂದುಬಿಟ್ಟ ಏಷ್ಯಾದ ಜಾತಿಯದು.

ಅಡುಗೆಮನೆಯಲ್ಲಿ ಇದಕ್ಕೆ ಮೊದಲ ಕ್ರಿಯಾಪದ ‘ಸ್ಪುರ್ಗಾರೆ’. ಕನ್ನಡದಲ್ಲಿ ‘ಮರಳು ಕಕ್ಕಿಸು’ ಚೊಕ್ಕವಾಗಿದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹಾಕಿದ ತಣ್ಣೀರಿನಲ್ಲಿ ಎರಡು ಮೂರು ಗಂಟೆ ಇಡಬೇಕು. ಸಪ್ಪೆ ನೀರಿಗೆ ಹಾಕಿದರೆ ಬಾಯಿ ಬಿಡದೆ ಸಾಯುತ್ತವೆ. ತಳದಲ್ಲಿ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಮೇಲಿಡದಿದ್ದರೆ ಕಕ್ಕಿದ ಮರಳನ್ನೇ ಮತ್ತೆ ಒಳಗೆಳೆದುಕೊಳ್ಳುತ್ತವೆ. ಆಮೇಲೆ ಒಂದೊಂದನ್ನೂ ಹಲಗೆಗೆ ತಟ್ಟಬೇಕು. ಸತ್ತು ಮರಳು ತುಂಬಿದ್ದು ಆಗ ಬಾಯಿಬಿಡುತ್ತದೆ. ಅಂಥ ಒಂದೇ ಒಂದು ಉಳಿದರೂ ಇಡೀ ಬಾಣಲೆ ಕೆಟ್ಟಂತೆ.

‘ಮಂತೆಕಾರೆ’ಯ ಮೂಲ ಸ್ಪ್ಯಾನಿಷಿನ ‘ಮಂತೇಕಾ’, ಅಂದರೆ ಕೊಬ್ಬು, ಬೆಣ್ಣೆ. ಆದರೆ ಈ ಅಡುಗೆಗೆ ಬೆಣ್ಣೆ ಹಾಕುವುದಿಲ್ಲ. ನಾಲ್ವರಿಗೆ ಒಂದು ಕಿಲೊ ವೊಂಗೊಲೆ, 320 ಗ್ರಾಂ ಸ್ಪಗೆಟಿ ಹಿಡಿಯಿರಿ. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಚ್ಚಳ ಮುಚ್ಚಿ ಬಾಯಿ ತೆರೆಸಿ, ಬಿಟ್ಟ ರಸವನ್ನು ಬಟ್ಟೆಯಲ್ಲಿ ಸೋಸಿ, ಎರಡು ನಿಮಿಷ ಮೊದಲೇ ಬಸಿದ ಸ್ಪಗೆಟಿಯನ್ನು ಆ ರಸದಲ್ಲೇ ಬೇಯಿಸಿ ಮುಗಿಸುತ್ತಾರೆ. ಕೊನೆಯಲ್ಲಿ ಬಾಣಲೆಯನ್ನು ಬಿಡದೆ ಆಡಿಸಿದಾಗ ಸ್ಪಗೆಟಿಯ ಗಂಜಿ, ರಸ, ಎಣ್ಣೆ ಮೂರೂ ಹಿಡಿದುಕೊಂಡು ಮಂದವಾಗುತ್ತವೆ. ‘ಬೆರೆಸು’ ಎಂದರೆ ಈ ಹಿಡಿದುಕೊಳ್ಳುವುದು ಬರುವುದೇ ಇಲ್ಲ. ‘ರಸ ಹಿಡಿಸು’ ಎನ್ನಬಹುದು. ಉರಿ ಹೆಚ್ಚಾಗಿ ರಸ ಬತ್ತಿದರೆ ಎಣ್ಣೆ ಬೇರೆಯಾಗುತ್ತದೆ, ಆಗ ಬಸಿದ ಗಂಜಿನೀರು ಒಂದು ಸೌಟು ಹಾಕಿ ಮತ್ತೆ ಆಡಿಸಬೇಕು. ರಸದಲ್ಲೇ ಸಮುದ್ರದ ಉಪ್ಪಿರುವುದರಿಂದ ಸ್ಪಗೆಟಿ ಬೇಯುವ ನೀರಿಗೆ ಎಂದಿಗಿಂತ ಕಡಿಮೆ ಉಪ್ಪು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಬರಹದಲ್ಲಿ ಬಂದೇ ಬರುತ್ತದೆ: ‘ಓಸ್ಪಿತೆ’. ಅತಿಥಿಗೂ ಆತಿಥೇಯರಿಗೂ ಇಟಾಲಿಯನ್ನಿನಲ್ಲಿ ಇದೊಂದೇ ಪದ. ಕರೆದವರೋ ಬಂದವರೋ ಎಂದು ಪ್ರತಿ ಸಲವೂ ವಾಕ್ಯ ನೋಡಿಯೇ ತೀರ್ಮಾನಿಸಬೇಕು. ಹಾಗೆಯೇ ‘ಕೇಳುವ ತನಕ ಬಿಲ್ಲು ತರುವುದಿಲ್ಲ’ ಎಂಬ ಸಾಲು ಸಿಕ್ಕಿದರೆ ಅದನ್ನು ನಿಧಾನದ ಸೇವೆ ಎಂದು ಅನುವಾದಿಸಬೇಡಿ. ಎಲೆ ಮುಂದೆ ಕೂತವರನ್ನು ಏಳಿಸಬಾರದು ಅನ್ನುತ್ತೇವಲ್ಲ, ಆ ಅರ್ಥದಲ್ಲಿ ಬರೆದದ್ದು ಅದು.