5600ಎಕ್ಸ್ ಓವರ್‌ಕ್ಲಾಕ್: ಎಲ್ಲ ಕೋರ್ 4.7 ಗಿಗಾಹರ್ಟ್ಸ್‌ಗೆ ಏರಿಸಿದರೆ ಹೆಚ್ಚು ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಸಿಗುತ್ತಾ?

ಮಂಜಿನಬೆಟ್ಟ (ಮಡಿಕೇರಿ)
ರೈಜನ್ 5 5600ಎಕ್ಸ್ ಪ್ರೊಸೆಸರ್, ಬಾಕ್ಸ್ ಜೊತೆ ಬಂದ ಕೂಲರ್, ಬಿ550 ಬೋರ್ಡ್, ಡಿಡಿಆರ್4 3200 ರ‍್ಯಾಮ್ 8+8 ಜಿಬಿ, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 1080ಪಿ 144 ಹರ್ಟ್ಸ್ ಮಾನಿಟರ್. ಕೌಂಟರ್-ಸ್ಟ್ರೈಕ್ 2ರಲ್ಲಿ ಸ್ಮೋಕ್ ಬಿದ್ದ ಕೂಡಲೇ ಫ್ರೇಮ್ ಕುಸಿಯುತ್ತೆ. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) 4.7 ಗಿಗಾಹರ್ಟ್ಸ್, 1.35 ವೋಲ್ಟ್ ಕೊಟ್ಟು ಓವರ್‌ಕ್ಲಾಕ್ ಮಾಡಿದರೆ, ಅಂದ್ರೆ ವೇಗ ಏರಿಸಿದರೆ, ವಿಂಡೋಸ್ ಏನೋ ಬರುತ್ತೆ, ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡೋ ಟೆಸ್ಟ್) ಓಡಿಸಿದರೆ 95 ಡಿಗ್ರಿ ಮುಟ್ಟಿ ರೀಸ್ಟಾರ್ಟ್. ವೋಲ್ಟೇಜ್ ಇನ್ನೂ ಏರಿಸಲಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 2400 ಅಂತ ಇದೆ, ಅದೇನೂ ತೊಂದರೆ ಇಲ್ಲ ತಾನೆ?

ಕುಶಾಲನಗರ ಬೆಂಚ್
ತೊಂದರೆ ಇರೋದೇ ಅಲ್ಲಿ ಗುರು. 3200ರ ರ‍್ಯಾಮ್ 2400ರಲ್ಲಿ ಓಡ್ತಿದೆ ಅಂದ್ರೆ ಎಕ್ಸ್‌ಎಂಪಿ (ಮೆಮೊರಿಯನ್ನ ಅದರ ಪೂರ್ತಿ ವೇಗಕ್ಕೆ ತರೋ ಸೆಟ್ಟಿಂಗ್) ಆನ್ ಆಗಿಲ್ಲ. ಪ್ರೊಸೆಸರ್ ಒಳಗಿನ ಭಾಗಗಳನ್ನ ಜೋಡಿಸೋ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ಅದರ ಜೊತೆಗೇ 1200ಕ್ಕೆ ಇಳಿದಿರುತ್ತೆ. ಮೊದಲು ಬಯೋಸ್ ಡಿಫಾಲ್ಟ್‌ಗೆ ತಗೊಂಡು ಹೋಗಿ, ಎಕ್ಸ್‌ಎಂಪಿ ಆನ್ ಮಾಡಿ (ಕೆಲವು ಬೋರ್ಡ್‌ನಲ್ಲಿ ಡಿಓಸಿಪಿ ಅಂತ ಇರುತ್ತೆ), ಎಫ್‌ಸಿಎಲ್‌ಕೆ (ಆ ಫ್ಯಾಬ್ರಿಕ್‌ನ ಕ್ಲಾಕ್) 1600 ಆಯ್ತಾ ನೋಡಿ. ನಾಲ್ಕು ಸ್ಲಾಟ್ ಇದ್ದರೆ ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದರಲ್ಲಿ ಇರಬೇಕು. 1-2 ಅಥವಾ 3-4ರಲ್ಲಿ ಪಕ್ಕಪಕ್ಕದಲ್ಲೇ ಚುಚ್ಚಿದ್ದರೆ ಸಿಂಗಲ್ ಚಾನಲ್ ಆಗಿ ಅರ್ಧ ಬ್ಯಾಂಡ್‌ವಿಡ್ತ್ ಹೋಯ್ತು. ಸ್ಮೋಕ್‌ನಲ್ಲಿ ಬೀಳೋ ಫ್ರೇಮ್‌ಗೆ 4.7ಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತೆ.

ವೋಲ್ಟೇಜ್ ಮಾತ್ರ ಏರಿಸಬೇಡಿ. ಆ ಪುಟ್ಟ ಕೂಲರ್‌ಗೆ 76 ವ್ಯಾಟ್ ತಳ್ಳೋದೇ ಕಷ್ಟ, ನೀವು ಕೊಟ್ಟ ಸೆಟ್ಟಿಂಗ್ 100 ವ್ಯಾಟ್ ದಾಟಿಸುತ್ತೆ.

ಗೋಣಿಕೊಪ್ಪ ಸಿಲಿಕಾನ್
ಮ್ಯಾನ್ಯುಯಲ್ 4.7 ಈ ಚಿಪ್‌ಗೆ ದಂಡ. ಗೇಮ್‌ನಲ್ಲಿ ಅದು ತಾನಾಗಿಯೇ 4.6ರ ಆಸುಪಾಸಿಗೆ ಏರುತ್ತೆ. ನೀವು ಪಡೆಯೋದು 100 ಮೆಗಾಹರ್ಟ್ಸ್, ಅಂದ್ರೆ ನೂರಕ್ಕೆ ಎರಡು.

ಬದಲಿಗೆ ಬಯೋಸ್‌ನಲ್ಲಿ ಪಿಬಿಓ (ಎಎಂಡಿಯ ಆಟೋಮ್ಯಾಟಿಕ್ ಬೂಸ್ಟ್ ಸೆಟ್ಟಿಂಗ್) ಅಡ್ವಾನ್ಸ್ಡ್ ತೆಗೆದು ವಿದ್ಯುತ್ ಮಿತಿಗಳಾದ ಪಿಪಿಟಿ 76, ಟಿಡಿಸಿ 60, ಇಡಿಸಿ 90 ಹಾಗೇ ಬಿಡಿ. ಕೋರ್‌ಗಳ ವೋಲ್ಟೇಜ್ ಹೊಂದಿಸೋ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 10ರಿಂದ ಶುರು ಮಾಡಿ, ಐದೈದೇ ಇಳಿಸಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆ ಆಗುತ್ತೆ, ಅದೇ ವ್ಯಾಟ್‌ನಲ್ಲಿ ಹೆಚ್ಚು ಕ್ಲಾಕ್ ಸಿಗುತ್ತೆ. ಇಲ್ಲಿ ಎಲ್ಲರೂ ಎಡವೋದು ಟೆಸ್ಟಿಂಗ್‌ನಲ್ಲಿ. ಸಿನೆಬೆಂಚ್ ಪಾಸ್ ಆದರೂ ಸಿಸ್ಟಮ್ ಸುಮ್ಮನೆ ಬ್ರೌಸರ್ ತೆಗೆದಿಟ್ಟಾಗ ರೀಸ್ಟಾರ್ಟ್ ಆಗಬಹುದು, ಯಾಕಂದ್ರೆ ಲೋಡ್ ಕಡಿಮೆ ಇದ್ದಾಗಲೇ ಒಂದು ಕೋರ್ ಅತಿ ಮೇಲಿನ ಕ್ಲಾಕ್‌ಗೆ ಹಾರೋದು. ಒಂದೊಂದೇ ಕೋರ್ ಪರೀಕ್ಷಿಸೋ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಲು ಬಿಡಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್) ಎರರ್ ಬಂದರೆ ತಪ್ಪಿದ ಕೋರ್ ಒಂದನ್ನೇ ಐದು ಹಿಂದಕ್ಕೆ ತನ್ನಿ.

ಪಿಬಿಓ ಕೂಡ ಓವರ್‌ಕ್ಲಾಕೇ, ಅದರಿಂದ ಆದ ಹಾನಿಗೆ ಎಎಂಡಿ ವಾರಂಟಿ ಬರಲ್ಲ. ಗೊತ್ತಿರಲಿ.

ಮಂಜಿನಬೆಟ್ಟ
ಎಕ್ಸ್‌ಎಂಪಿ ಆನ್ ಮಾಡಿದೆ, 3200 ತೋರಿಸ್ತಿದೆ, ಸ್ಮೋಕ್‌ನಲ್ಲಿ ಈಗ ಅಷ್ಟು ಬೀಳ್ತಿಲ್ಲ. ಆದರೆ ಸೈಬರ್‌ಪಂಕ್‌ನಲ್ಲಿ ಒಂದು ಫ್ರೇಮೂ ಹೆಚ್ಚಾಗಿಲ್ವಲ್ಲ?

ಗೋಣಿಕೊಪ್ಪ ಸಿಲಿಕಾನ್
ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಯೂಸೇಜ್ ಶೇಕಡಾ ನೋಡಿ. 97-99 ಇದ್ದರೆ ಕಾರ್ಡೇ ಸುಸ್ತಾಗಿದೆ, ಪ್ರೊಸೆಸರ್ ಎಷ್ಟು ಓಡಿಸಿದರೂ ಅಷ್ಟೇ. 60-70ರಲ್ಲಿ ನಿಂತಿದ್ದರೆ ಮಾತ್ರ ಪ್ರೊಸೆಸರ್, ರ‍್ಯಾಮ್ ಮುಟ್ಟಿ ಪ್ರಯೋಜನ. ಸರಾಸರಿ ಬಿಟ್ಟು 1% ಲೋ (ಅತಿ ನಿಧಾನದ ನೂರಕ್ಕೊಂದು ಫ್ರೇಮ್‌ಗಳ ಎಫ್‌ಪಿಎಸ್) ಹೋಲಿಸಿ, ಅದೂ ಅದೇ ಮ್ಯಾಪ್, ಅದೇ ಜಾಗದಲ್ಲಿ.

ಕುಶಾಲನಗರ ಬೆಂಚ್
ಇನ್ನೊಂದು, ಮಡಿಕೇರಿಯವರು ಮರೆಯೋದು: ಆಟಿ ಮಳೆಯಲ್ಲಿ ರೂಮ್ 19 ಡಿಗ್ರಿ ಇದ್ದಾಗ ಸೆಟ್ ಮಾಡಿ ಖುಷಿಪಡಬೇಡಿ. ಏಪ್ರಿಲ್‌ನಲ್ಲಿ ರೂಮ್ ಹತ್ತು ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಮಳೆಗಾಲದ ಟೆಸ್ಟ್‌ನಲ್ಲಿ 80 ದಾಟದ ಹಾಗೆ ಇಟ್ಟುಕೊಳ್ಳಿ. ನಾಲ್ಕು ಹೀಟ್‌ಪೈಪ್ ಇರೋ 120 ಎಂಎಂ ಟವರ್ ಕೂಲರ್ ಹಾಕಿದರೆ ಇನ್ನೂ ಒಳ್ಳೇದು.

ಕರೆಂಟು ಹೋಗಿಬರೋ ದಿನ ಬಯೋಸ್ ಮುಟ್ಟಲೇಬೇಡಿ. ಯುಪಿಎಸ್ 600 ವಿಎ ಆದರೆ ನಿಜಕ್ಕೂ ಸಿಗೋದು ಸುಮಾರು 360 ವ್ಯಾಟ್. 3060 ಒಂದೇ 170 ತಿನ್ನುತ್ತೆ. ಪ್ರೊಸೆಸರ್ ಲಿಮಿಟ್ ಏರಿಸಿ ಮಾನಿಟರನ್ನೂ ಅದಕ್ಕೇ ಸಿಕ್ಕಿಸಿದರೆ ಗೇಮ್ ಮಧ್ಯೆ ಬ್ಯಾಟರಿಗೆ ಹೋದಾಗ ಓವರ್‌ಲೋಡ್ ಆಗಿ ಆಫ್ ಆಗಬಹುದು. ಅದನ್ನ ಓವರ್‌ಕ್ಲಾಕ್ ಕ್ರ್ಯಾಶ್ ಅಂತ ತಿಳಿದು ವೋಲ್ಟೇಜ್ ಏರಿಸೋಕೆ ಹೋಗಬೇಡಿ.