ಮೊಬೈಲ್‌ನಲ್ಲಿ ಜಪಾನಿ ಕಲೀತಿದ್ದೇನೆ, ಪದ ಗೊತ್ತು, ಬಾಯಿಗೆ ಬರ್ತಿಲ್ಲ

ನಿಗಡಿ_ಬಸ್‌ಸ್ಟಾಪ್

ಎಲ್ಲರಿಗೂ ನಮಸ್ಕಾರ. ಊರು ವಿಜಯಪುರ, ನಾಲ್ಕು ವರ್ಷದಿಂದ ಪುಣೆಯ ನಿಗಡಿಯಲ್ಲಿದ್ದೇನೆ, ಕೆಲಸ ಚಾಕಣ್‌ನಲ್ಲಿ. ಪಾಳಿ ವಾರವಾರ ಬದಲಾಗುತ್ತೆ, ಹಾಗಾಗಿ ಕ್ಲಾಸಿಗೆ ಸೇರೋಕೆ ಆಗಲ್ಲ. ಕಂಪನಿ ಬಸ್ಸಲ್ಲಿ ಹೋಗ್ತಾ ಬರ್ತಾ ಒಂದು ಆ್ಯಪ್‌ನಲ್ಲಿ ಕಲೀತಿದ್ದೇನೆ. 140 ದಿನ ಆಯ್ತು, ಒಂದು ದಿನವೂ ತಪ್ಪಿಸಿಲ್ಲ.

ಹೋದ ವಾರ ಲೈನ್ ನೋಡೋಕೆ ಬಂದ ಜಪಾನಿ ಇಂಜಿನಿಯರ್ ನನ್ನ ಮಷಿನ್ ಹತ್ತಿರ ನಿಂತು ‘ಇತ್ಸು ಓವಾರಿಮಾಸು ಕಾ’ ಅಂತ ಕೇಳಿದರು. ಯಾವಾಗ ಮುಗಿಯುತ್ತೆ, ಅಷ್ಟೇ. ಎರಡೂ ಪದ ಆ್ಯಪ್‌ನಲ್ಲಿ ಎಷ್ಟೋ ಸಲ ಒತ್ತಿದವೇ. ಆದರೂ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು ಮುಂದೆ ಹೋದರು. ತುಂಬಾ ಬೇಜಾರಾಯ್ತು. ಡಿಸೆಂಬರ್‌ನಲ್ಲಿ ಎನ್5, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತ, ಬರೀಬೇಕು ಅಂತಿದ್ದೇನೆ. ಮೊಬೈಲ್ ಒಂದನ್ನೇ ನಂಬಿದರೆ ಆಗುತ್ತಾ?

ಡೊಂಬಿವಲಿ_ಫಾಸ್ಟ್

ಆಗುತ್ತೆ ತಮ್ಮಾ. ನಾನು ಎನ್5, ಅದರ ಮುಂದಿನ ಎನ್4 ಎರಡೂ ಡೊಂಬಿವಲಿ–ದಾದರ್ ಲೋಕಲ್ ರೈಲಲ್ಲೇ ಓದಿದ್ದು. ಆದರೆ ನಿಮ್ಮ ಆ್ಯಪ್ ನಾಲ್ಕು ಉತ್ತರ ಕೊಟ್ಟು ಒಂದನ್ನ ಒತ್ತು ಅನ್ನುತ್ತೆ, ಅಲ್ವಾ? ಅದು ಗುರುತು ಹಿಡಿಯೋ ಅಭ್ಯಾಸ. ಮಾತಾಡುವಾಗ ನಾಲ್ಕು ಉತ್ತರ ಯಾರೂ ಮುಂದೆ ಇಡಲ್ಲ, ತಲೆಯೊಳಗಿಂದ ನಾವೇ ತೆಗೀಬೇಕು.

ಆಂಕಿ ಹಾಕ್ಕೊಳ್ಳಿ, ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಇರೋ ಕಾರ್ಡ್ ತೋರಿಸೋ ಆ್ಯಪ್ ಅದು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ನೆಟ್ ಇಲ್ಲದಿದ್ದರೂ ನಡೆಯುತ್ತೆ. ಬಂದ ಕಾರ್ಡನ್ನ ತಡವಾಗಿ ತೋರಿಸುತ್ತೆ, ಬಾರದ್ದನ್ನ ಬೇಗ ತೋರಿಸುತ್ತೆ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟು ಇಳಿಸಿಕೊಳ್ಳಬೇಡಿ, ದಿನಕ್ಕೆ ಐದು ನೀವೇ ಮಾಡಿ. ಮುಖ್ಯವಾದ ಮಾತು ಇದು: ಒಂದು ಬದಿಗೆ ಕನ್ನಡ ಬರೀರಿ, ಇಂಗ್ಲಿಷ್ ಬೇಡ. ‘ವತಾಶಿ ವಾ ಕೋಜೋ ನಿ ಇಕಿಮಾಸು’ ಅಂದರೆ ನಾನು ಫ್ಯಾಕ್ಟರಿಗೆ ಹೋಗ್ತೀನಿ. ಪದ ಪದವೂ ನಮ್ಮ ಸಾಲಿನಲ್ಲೇ ಕೂತಿದೆ, ‘ನಿ’ ಅನ್ನೋದು ನಮ್ಮ ‘ಗೆ’. ‘ತಬೇತೆ ಮಿರು’ ಅಂದರೆ ತಿಂದು ನೋಡು, ಅಲ್ಲೂ ‘ಮಿರು’ ಅಂದರೆ ನೋಡು. ‘ಇಕು ತೊ ಈಮಾಶಿತಾ’, ಹೋಗ್ತೀನಿ ಅಂತ ಹೇಳಿದರು. ಆ ‘ತೊ’ ನಮ್ಮ ‘ಅಂತ’. ಇಂಗ್ಲಿಷಿಗೆ ತಿರುಗಿಸಿ ಮತ್ತೆ ಜಪಾನಿಗೆ ತಿರುಗಿಸೋ ಹೊತ್ತಿಗೆ ಎದುರಿನವರು ಹೋಗೇ ಬಿಟ್ಟಿರ್ತಾರೆ. ನಿಮಗೆ ಆಗಿದ್ದೂ ಅದೇ ಅನ್ಸುತ್ತೆ.

ಇಂಗ್ಲಿಷ್ ಅಕ್ಷರದಲ್ಲಿ ಓದೋದನ್ನೂ ಇವತ್ತೇ ಬಿಡಿ. ಜಪಾನಿಯ ಮೊದಲ ಲಿಪಿ ಹಿರಗಾನಾ 46 ಅಕ್ಷರ, ಕಾಗುಣಿತ ಕಲಿತ ನಮಗೆ ಅದೇನು ದೊಡ್ಡದಲ್ಲ.

ಔಂಧ್_ದುಭಾಷಿ

ಮೇಲಿನ ಅಣ್ಣ ಹೇಳಿದ್ದು ಹೆಚ್ಚುಕಮ್ಮಿ ಸರಿ, ಒಂದು ಕಡೆ ಮಾತ್ರ ಹುಷಾರು. ‘ನಿ’ ಅಂದರೆ ‘ಗೆ’ ಅಂತ ಗಂಟು ಹಾಕಿಕೊಂಡರೆ ಮುಂದೆ ಎಡವುತ್ತೀರಿ. ‘ಕೋಜೋ ನಿ ಇಮಾಸು’ ಅಂದರೆ ಫ್ಯಾಕ್ಟರಿಯಲ್ಲಿ ಇದ್ದೀನಿ. ಆದರೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ ಅನ್ನೋಕೆ ‘ಕೋಜೋ ದೆ’ ಆಗುತ್ತೆ. ನಮಗೆ ಎರಡೂ ಕಡೆ ‘ಅಲ್ಲಿ’ನೇ. ಅದಕ್ಕೆ ಕಾರ್ಡಿನಲ್ಲಿ ಬಿಡಿ ಪದ ಹಾಕಬೇಡಿ, ಇಡೀ ವಾಕ್ಯ ಹಾಕಿ.

ಉಚ್ಚಾರಣೆಗೆ ಒಂದು ಉಪಾಯ. ಮೊಬೈಲ್ ಕೀಬೋರ್ಡಿಗೆ ಜಪಾನಿ ಸೇರಿಸಿ, ಮೈಕ್ ಒತ್ತಿ ಮಾತಾಡಿ, ಏನು ಬರೆಯುತ್ತೆ ನೋಡಿ. ‘ಒಬಸನ್’ ಅಂದರೆ ಅತ್ತೆ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆ ಚೀಟಿ. ದೀರ್ಘ, ಒತ್ತಕ್ಷರ ನಮ್ಮ ನಾಲಿಗೆಗೆ ಹೊಸದಲ್ಲ, ಸುಮ್ನೆ ಕಿವಿಗೊಟ್ಟರೆ ಸಾಕು.

ಪರೀಕ್ಷೆಯಲ್ಲಿ ಮಾತಾಡಿಸೋದು ಇಲ್ಲವೇ ಇಲ್ಲ, ಅದು ಗೊತ್ತಿರಲಿ. 180ಕ್ಕೆ 80 ಬಂದರೆ ಎನ್5 ಪಾಸು, ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು, ಮತ್ತು ಆಡಿಯೋ ಹಾಕೋದು ಒಂದೇ ಸಲ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳು ಪುಕ್ಕಟೆ, ದಿನಾ ಬಸ್ಸಲ್ಲಿ ಕೇಳಿ. ಪರೀಕ್ಷೆ ಪಾಸಾಗಿಯೂ ಬಾಯಿ ಬಿಡದವರನ್ನ ನಾನು ಜಾಸ್ತಿ ನೋಡಿದ್ದೇನೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಯಾರ ಜೊತೆಗಾದರೂ ಮಾತಾಡಿ.

ಮಾಟುಂಗಾ_ಕಾಫಿ

ನನ್ನ ಐಫೋನ್‌ನಲ್ಲಿ ಆಂಕಿ ದುಡ್ಡು ಕೇಳ್ತಿದೆ. ಸರಿಯಾದದ್ದೇನಾ?

ಡೊಂಬಿವಲಿ_ಫಾಸ್ಟ್

ಹೌದು, ಐಫೋನ್‌ಗೆ ದುಡ್ಡು ಕೊಡಬೇಕು. ಕೊಡೋಕೆ ಇಷ್ಟ ಇಲ್ಲದಿದ್ದರೆ ಬ್ರೌಸರ್‌ನಲ್ಲಿ ಆಂಕಿವೆಬ್ ತೆಗೀರಿ, ಅದು ಪುಕ್ಕಟೆ.

ಔಂಧ್ ಅವರು ಹೇಳಿದ್ದು ಒಪ್ಪಿದೆ, ಇಡೀ ವಾಕ್ಯವೇ ಸರಿ. ಇನ್ನೊಂದು, ಠಾಣೆ ದಾಟೋ ತನಕ ನನಗೆ ಕೈ ಎತ್ತೋಕೂ ಜಾಗ ಇರ್ತಿರಲಿಲ್ಲ. ಅಷ್ಟೂ ಹೊತ್ತು ಕಿವಿಯಲ್ಲಿ ಕೇಳಿದ್ದನ್ನ ತುಟಿಯಲ್ಲೇ ಹಿಂದಿಂದೆ ಹೇಳ್ಕೊಳ್ತಿದ್ದೆ. ಬಾಯಿ ತಿರುಗಿದ್ದು ಅದರಿಂದಲೇ.

ನಿಗಡಿ_ಬಸ್‌ಸ್ಟಾಪ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಐದು ಕಾರ್ಡ್ ಮಾಡಿದೆ. ಮೊದಲನೆಯದು ಆ ಇಂಜಿನಿಯರ್ ಕೇಳಿದ್ದೇ, ಹಿಂದೆ ಉತ್ತರ: ‘ಸಾಂಜಿ ನಿ ಓವಾರಿಮಾಸು’, ಮೂರು ಗಂಟೆಗೆ ಮುಗಿಯುತ್ತೆ. ಇಲ್ಲಿ ‘ನಿ’ ನಮ್ಮ ‘ಗೆ’ನೇ ಆಯ್ತು, ಅಲ್ವಾ? ಮೈಕಿನಲ್ಲಿ ಹೇಳಿದೆ, ಮೂರನೇ ಸಲಕ್ಕೆ ಸರಿಯಾಗಿ ಬರೆಯಿತು. ಅವರು ಮುಂದಿನ ತಿಂಗಳು ಮತ್ತೆ ಬರ್ತಾರಂತೆ.